ಇಂಧನದ ಪಾಠಕ್ಕೆ ಹಣ ಕೊಟ್ಟವರು

1928ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಖಾಸಗಿ ವಿದ್ಯುತ್ ಕಂಪನಿಗಳ ವಿಚಾರಣೆ ಆರಂಭಿಸಿತು. ಕಂಪನಿಗಳ ಷೇರು ವ್ಯವಹಾರದ ಜೊತೆಗೆ ಅವುಗಳ ಪ್ರಚಾರ ಕಾರ್ಯವನ್ನೂ ಪರಿಶೀಲಿಸುವಂತೆ ಸೆನೆಟ್ ಅದಕ್ಕೆ ಹೇಳಿತ್ತು. ವರ್ಷಗಟ್ಟಲೆ ನಡೆದ ವಿಚಾರಣೆಯಲ್ಲಿ ಹೊರಬಿದ್ದ ಒಂದು ಅಧ್ಯಾಯ ಶಿಕ್ಷಣ ಲೋಕವನ್ನು ಬೆಚ್ಚಿಬೀಳಿಸಿತು. ಕಂಪನಿಗಳ ಒಕ್ಕೂಟವಾದ ನ್ಯಾಷನಲ್ ಎಲೆಕ್ಟ್ರಿಕ್ ಲೈಟ್ ಅಸೋಸಿಯೇಷನ್ ಪಠ್ಯಪುಸ್ತಕಗಳನ್ನು ತರಿಸಿ ಓದಿಸಿ, ತನಗೆ ಒಗ್ಗದ ಮಾತುಗಳನ್ನು ತಿದ್ದಿಸಲು ಪ್ರಯತ್ನಿಸಿತ್ತು. ಉಪನ್ಯಾಸ, ಸಲಹೆಗಳ ಹೆಸರಿನಲ್ಲಿ ಪ್ರಾಧ್ಯಾಪಕರಿಗೆ ಸಂಭಾವನೆ ಸಂದಿತ್ತು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿಗೂ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಗೂ ಅಧ್ಯಯನಕ್ಕೆಂದು ಉದ್ಯಮದ ಹಣ ಹರಿದಿತ್ತು. ಪತ್ರಕರ್ತ ಅರ್ನೆಸ್ಟ್ ಗ್ರೂನಿಂಗ್ 1931ರಲ್ಲಿ ಇದನ್ನೆಲ್ಲ ‘ದಿ ಪಬ್ಲಿಕ್ ಪೇಸ್’ ಎಂಬ ಪುಸ್ತಕವಾಗಿಸಿದರು. ಈ ಪ್ರಚಾರದ ಖರ್ಚೆಲ್ಲ ಕೊನೆಗೆ ಬೀಳುವುದು ಕರೆಂಟ್ ಬಿಲ್ ಕಟ್ಟುವವರ ತಲೆಯ ಮೇಲೆಯೇ ಎಂಬುದು ಅವರ ವಾದವಾಗಿತ್ತು.

ಈಗ ಹೆಸರುಳ್ಳ ಬಿಸಿನೆಸ್ ಸ್ಕೂಲುಗಳಲ್ಲಿ ಇಂಧನ ಸಮ್ಮೇಳನ, ಕೇಸ್ ಸ್ಪರ್ಧೆ, ಉದ್ಯೋಗ ಮೇಳಗಳು ವಾರ್ಷಿಕ ಪದ್ಧತಿಯೇ ಆಗಿಬಿಟ್ಟಿವೆ. ಎಂಬಿಎ ವಿದ್ಯಾರ್ಥಿಗಳು ತೈಲ ಕಂಪನಿಯವರನ್ನೂ ಸೌರ ಕಂಪನಿಯವರನ್ನೂ ಒಂದೇ ಸಭಾಂಗಣದಲ್ಲಿ ಭೇಟಿಯಾಗುತ್ತಾರೆ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಪ್ರಾಯೋಜಕರ ಹೆಸರುಗಳು ಸಾಲಾಗಿರುತ್ತವೆ. ಈ ಪದ್ಧತಿಯ ಹಿಂದಿನ ನೂರು ವರ್ಷಗಳ ಇತಿಹಾಸದಲ್ಲಿ ಎರಡು ಸಂಗತಿಗಳು ಮತ್ತೆ ಮತ್ತೆ ಎದುರಾಗುತ್ತವೆ. ತೈಲದ ಬೆಲೆ ಏರಿದಾಗ ಈ ತರಗತಿಗಳು ತುಂಬಿವೆ, ಇಳಿದಾಗ ಬರಿದಾಗಿವೆ. ಎರಡನೆಯದು, ಪಾಠಕ್ಕೆ ಹಣ ಕೊಟ್ಟವರು ಯಾರೋ ಅವರ ಹಿತ ಪಾಠದೊಳಗೂ ನುಸುಳಿದೆ.

ವಿದ್ಯುತ್ತು ವ್ಯಾಪಾರ ಕಲಿತವರನ್ನು ಬೇಡಿದ್ದಕ್ಕೆ ಅದರ ಸ್ವಭಾವವೇ ಕಾರಣ. ಕರೆಂಟನ್ನು ಭತ್ತದ ಹಾಗೆ ಕಣಜದಲ್ಲಿ ತುಂಬಿಡಲು ಬರುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಯಂತ್ರಗಳೆಲ್ಲ ಓಡಬೇಕು, ಉಳಿದ ಹೊತ್ತು ಅವು ಸುಮ್ಮನೆ ನಿಂತಿರುತ್ತವೆ. ಯಂತ್ರ ಕೊಳ್ಳಲು ತಂದ ಸಾಲದ ಬಡ್ಡಿ ಮಾತ್ರ ಇಪ್ಪತ್ನಾಲ್ಕು ಗಂಟೆಯೂ ಏರುತ್ತಲೇ ಇರುತ್ತದೆ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಸ್ಯಾಮ್ಯುಯೆಲ್ ಇನ್ಸಲ್. ಇಂಗ್ಲೆಂಡಿನಿಂದ 1881ರಲ್ಲಿ ಬಂದು ಥಾಮಸ್ ಎಡಿಸನ್ ಅವರ ಆಪ್ತ ಕಾರ್ಯದರ್ಶಿಯಾದ ಇನ್ಸಲ್, 1892ರಲ್ಲಿ ಶಿಕಾಗೊ ಎಡಿಸನ್ ಕಂಪನಿಯ ಮುಖ್ಯಸ್ಥರಾದರು. ಟ್ರಾಂ ಕಂಪನಿಗೆ ಬೆಳಗ್ಗೆ ಸಂಜೆ, ಕಾರ್ಖಾನೆಗೆ ಹಗಲು, ಮನೆಗಳಿಗೆ ರಾತ್ರಿ. ಬೇರೆ ಬೇರೆ ಹೊತ್ತಿನಲ್ಲಿ ಬೇಡಿಕೆ ಇರುವ ಗಿರಾಕಿಗಳನ್ನು ಹುಡುಕಿ ಅದೇ ಯಂತ್ರವನ್ನು ದಿನವಿಡೀ ದುಡಿಸಿದರೆ ಯೂನಿಟ್ ಬೆಲೆ ಇಳಿಸಬಹುದು, ಲಾಭವನ್ನೂ ಹೆಚ್ಚಿಸಬಹುದು. ಇವತ್ತಿಗೂ ಇಂಧನ ನಿರ್ವಹಣೆಯ ಪಾಠ ಶುರುವಾಗುವುದು ಈ ಲೋಡಿನ ಲೆಕ್ಕದಿಂದಲೇ.

ಇದೇ ಲೆಕ್ಕ ಮೈಸೂರು ಸಂಸ್ಥಾನದಲ್ಲೂ ನಡೆದಿತ್ತು. ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಯೋಜನೆ ರೂಪುಗೊಂಡಾಗ ಮುಖ್ಯ ಗಿರಾಕಿ ಯಾರೆಂಬುದು ಮೊದಲೇ ಗೊತ್ತಿತ್ತು: ಕೋಲಾರದ ಚಿನ್ನದ ಗಣಿಗಳು. ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯೆರ್ ಅಮೆರಿಕ, ಯುರೋಪುಗಳನ್ನು ಸುತ್ತಿ ಬಂದರು. ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಕಂಪನಿ ವಿದ್ಯುತ್ ಯಂತ್ರಗಳನ್ನು ಒದಗಿಸಿತು. 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕರೆಂಟು ಗಣಿ ತಲುಪಿತು. ಅಷ್ಟು ದೂರ ವಿದ್ಯುತ್ ಸಾಗಿಸಿದ ಲೈನು ಆಗ ಜಗತ್ತಿನಲ್ಲೇ ಅಪರೂಪ. ನೆಲದಡಿಯ ನೀರೆತ್ತುವ ಪಂಪು, ಅದಿರು ಕುಟ್ಟುವ ಯಂತ್ರಗಳು ಹಗಲು ರಾತ್ರಿ ನಡೆಯುತ್ತಿದ್ದುದರಿಂದ ಬೇಡಿಕೆ ಏರುಪೇರಾಗುತ್ತಿರಲಿಲ್ಲ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಆಮೇಲೆ, 1905ರಲ್ಲಿ.

ಎಂಜಿನಿಯರುಗಳು ಯಂತ್ರ ನಡೆಸಬಲ್ಲರು, ಆದರೆ ಸಾಲ, ಕರಾರು, ದರಪಟ್ಟಿಗಳನ್ನು ನೋಡಿಕೊಳ್ಳಲು ಬೇರೆ ತರಬೇತಿ ಬೇಕಿತ್ತು. ಜನರಲ್ ಎಲೆಕ್ಟ್ರಿಕ್ 1919ರಲ್ಲಿ ಪದವೀಧರರಿಗಾಗಿ ತನ್ನದೇ ಬಿಸಿನೆಸ್ ಟ್ರೈನಿಂಗ್ ಕೋರ್ಸ್ ತೆರೆದು ಲೆಕ್ಕಪತ್ರ, ಹಣಕಾಸು ಕಲಿಸತೊಡಗಿತು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಫಿಲಿಪ್ ಕ್ಯಾಬಟ್ ಸಾರ್ವಜನಿಕ ಸೇವಾ ಕಂಪನಿಗಳ ನಿರ್ವಹಣೆಯ ಪ್ರಾಧ್ಯಾಪಕರಾದರು. ಉದ್ಯಮ ಮತ್ತು ತರಗತಿ ಹೀಗೆ ಹತ್ತಿರವಾದಾಗಲೇ ಅಸೋಸಿಯೇಷನ್ನಿನ ಹಣವೂ ಒಳಬಂತು. ಆ ಹೊತ್ತಿನ ದೊಡ್ಡ ಸಾರ್ವಜನಿಕ ವಿವಾದವೆಂದರೆ ವಿದ್ಯುತ್ತು ಖಾಸಗಿಯಾಗಿರಬೇಕೋ ನಗರಸಭೆ, ಸರ್ಕಾರಗಳ ಕೈಯಲ್ಲಿರಬೇಕೋ ಎಂಬುದು. ಹಣ ಕೊಟ್ಟವರಿಗೆ ಯಾವ ಉತ್ತರ ಬೇಕಿತ್ತೆಂಬುದರಲ್ಲಿ ಗುಟ್ಟೇನೂ ಇರಲಿಲ್ಲ.

ಮಹಾ ಆರ್ಥಿಕ ಕುಸಿತ ಆ ಕೋಟೆಯನ್ನು ಉರುಳಿಸಿತು. ಒಂದರ ಮೇಲೊಂದು ಹೋಲ್ಡಿಂಗ್ ಕಂಪನಿ ಪೇರಿಸಿ ಕಟ್ಟಿದ್ದ ಇನ್ಸಲ್ ಸಾಮ್ರಾಜ್ಯ 1932ರಲ್ಲಿ ಬಿತ್ತು, ಸಾವಿರಾರು ಸಣ್ಣ ಹೂಡಿಕೆದಾರರ ಉಳಿತಾಯ ಅದರಡಿ ಸಿಕ್ಕಿ ಹೋಯಿತು. ದೇಶ ಬಿಟ್ಟು ಹೋಗಿದ್ದ ಇನ್ಸಲ್ ಅವರನ್ನು ಹಿಡಿದು ತಂದು ವಿಚಾರಣೆ ನಡೆಸಿದರು, ಅವರು ಖುಲಾಸೆಯಾದರು. 1935ರಲ್ಲಿ ಹೋಲ್ಡಿಂಗ್ ಕಂಪನಿಗಳಿಗೆ ಮೂಗುದಾರ ಹಾಕುವ ಕಾಯ್ದೆ ಬಂತು. ಅಲ್ಲಿಂದ ಮುಂದೆ ದಶಕಗಳ ಕಾಲ ವಿದ್ಯುತ್ ಕಂಪನಿಯ ಕೆಲಸವೆಂದರೆ ನಿಗದಿತ ದರ, ನಿಗದಿತ ಲಾಭದ ನೆಮ್ಮದಿಯ ನೌಕರಿ. ಮಹತ್ವಾಕಾಂಕ್ಷೆಯ ಬಿಸಿನೆಸ್ ಪದವೀಧರರಿಗೆ ಅದರಲ್ಲಿ ಸೆಳೆತವಿರಲಿಲ್ಲ.

ಅವರನ್ನು ಮತ್ತೆ ಎಬ್ಬಿಸಿದ್ದು 1973ರ ಅಕ್ಟೋಬರ್. ಅರಬ್ ದೇಶಗಳು ತೈಲ ನಿರ್ಬಂಧ ಹೇರಿದವು. ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಬೆಲೆ 1974ರ ಆರಂಭದಲ್ಲಿ 11 ಡಾಲರ್ ದಾಟಿತು. ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳ ಸಾಲು ಬೆಳೆದ ಆ ದಿನಗಳಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ರಾಬರ್ಟ್ ಸ್ಟೋಬೊ ನೇತೃತ್ವದ ತಂಡವೊಂದು ಇಂಧನದ ಅಧ್ಯಯನ ನಡೆಸುತ್ತಿತ್ತು. ಯುವ ಸಂಶೋಧಕ ಡೇನಿಯಲ್ ಯೆರ್ಗಿನ್ ಮುಂದೆ ಅದನ್ನು ಸೇರಿದರು. 1979ರಲ್ಲಿ ಇಬ್ಬರ ಸಂಪಾದಕತ್ವದಲ್ಲಿ ‘ಎನರ್ಜಿ ಫ್ಯೂಚರ್’ ಹೊರಬಂತು. ಅದೇ ವರ್ಷ ಇರಾನಿನ ಕ್ರಾಂತಿಯಿಂದ ತೈಲದ ಬೆಲೆ ಎರಡನೆಯ ಬಾರಿ ಜಿಗಿದಿತ್ತು. ಬಿಸಿನೆಸ್ ಸ್ಕೂಲಿನ ವರದಿಯೊಂದು ಜನಸಾಮಾನ್ಯರೂ ಕೊಂಡು ಓದುವ ಪುಸ್ತಕವಾಗಿ ಬಿಸಿದೋಸೆಯಂತೆ ಮಾರಾಟವಾಯಿತು.

ಆ ಪುಸ್ತಕ ಹೇಳಿದ್ದು ತೈಲ ಕಂಪನಿಗಳು ಕೇಳಬಯಸಿದ ಮಾತಲ್ಲ. ದೇಶದ ಅತಿ ಅಗ್ಗದ ಹೊಸ ಇಂಧನ ನೆಲದಡಿಯಲ್ಲಿಲ್ಲ, ಪೋಲಾಗುತ್ತಿರುವುದನ್ನು ತಡೆಯುವುದರಲ್ಲಿದೆ ಎಂದು ಯೆರ್ಗಿನ್ ಬರೆದ ಅಧ್ಯಾಯ ವಾದಿಸಿತು. ಜೀವನಮಟ್ಟ ಇಳಿಸದೆಯೇ ಅಮೆರಿಕ ಶೇ 30ರಿಂದ 40ರಷ್ಟು ಕಡಿಮೆ ಇಂಧನದಲ್ಲಿ ಬದುಕಬಲ್ಲದು ಎಂಬುದು ಅಲ್ಲಿನ ಲೆಕ್ಕ. ಸೌರಶಕ್ತಿಗೂ ಪುಸ್ತಕ ಗಂಭೀರ ಸ್ಥಾನ ಕೊಟ್ಟಿತು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಶ್ವೇತಭವನದ ಮಾಡಿನ ಮೇಲೆ ನೀರು ಕಾಯಿಸುವ ಸೌರ ಫಲಕಗಳನ್ನು ಹಾಕಿಸಿದ್ದೂ 1979ರಲ್ಲೇ.

1986ರಲ್ಲಿ ಆ ಫಲಕಗಳು ಕೆಳಗಿಳಿದವು. ಅದೇ ವರ್ಷ ತೈಲದ ಬೆಲೆಯೂ ಮಕಾಡೆ ಬಿದ್ದು 10 ಡಾಲರಿನ ಆಸುಪಾಸಿಗೆ ಬಂತು. ಹ್ಯೂಸ್ಟನ್ನಿನಲ್ಲಿ ಕಚೇರಿಗಳು ಖಾಲಿಯಾದವು, ಟೆಕ್ಸಾಸಿನ ಬ್ಯಾಂಕುಗಳು ಮುಳುಗಿದವು. ಬಿಸಿನೆಸ್ ವಿದ್ಯಾರ್ಥಿಗಳು ವಾಲ್ ಸ್ಟ್ರೀಟಿನತ್ತ ಮುಖ ಮಾಡಿದರು.

ಈ ಬರಗಾಲದ ಹೊಸ್ತಿಲಲ್ಲಿ ಹುಟ್ಟಿದ ಕಂಪನಿಯೇ ಮುಂದೆ ಎಂಬಿಎಗಳ ಕನಸಿನ ನೌಕರಿಯಾದದ್ದು. ಎರಡು ಗ್ಯಾಸ್ ಪೈಪ್‌ಲೈನ್ ಕಂಪನಿಗಳು 1985ರಲ್ಲಿ ಸೇರಿ ಎನ್‌ರಾನ್ ಆದವು. ಮೆಕಿನ್ಸಿ ಸಲಹಾ ಸಂಸ್ಥೆಯಿಂದ 1990ರಲ್ಲಿ ಅಲ್ಲಿಗೆ ಬಂದ ಜೆಫ್ರಿ ಸ್ಕಿಲ್ಲಿಂಗ್ ಸ್ವತಃ 1979ರ ಹಾರ್ವರ್ಡ್ ಎಂಬಿಎ. ಪೈಪು ಹಾಕುವವರಿಗಿಂತ ಗ್ಯಾಸನ್ನು ಷೇರಿನಂತೆ ಕೊಂಡು ಮಾರುವವರು ಬೇಕು ಎಂಬುದು ಅವರ ನಂಬಿಕೆ. ದೊಡ್ಡ ಬಿಸಿನೆಸ್ ಸ್ಕೂಲುಗಳಿಗೆ ಹೋಗಿ ಎನ್‌ರಾನ್ 1990ರ ದಶಕದಲ್ಲಿ ವರ್ಷಕ್ಕೆ ಸುಮಾರು 250 ಹೊಸ ಎಂಬಿಎಗಳನ್ನು ಆರಿಸಿ ತರುತ್ತಿತ್ತು. ‘ಫಾರ್ಚೂನ್’ ಪತ್ರಿಕೆ ಸತತ ಆರು ವರ್ಷ ಅದಕ್ಕೆ ಅತ್ಯಂತ ಹೊಸತನದ ಕಂಪನಿ ಎಂಬ ಪಟ್ಟ ಕೊಟ್ಟಿತು. ಅದನ್ನು ಮೆಚ್ಚಿ ಬರೆದ ಕೇಸ್ ಸ್ಟಡಿಗಳು ತರಗತಿಗಳಲ್ಲಿ ಚರ್ಚೆಯಾದವು.

ಎನ್‌ರಾನ್ ತೋರಿಸುತ್ತಿದ್ದ ಲಾಭ ಬಂದದ್ದು ಎಲ್ಲಿಂದ ಎಂಬುದನ್ನು ಹತ್ತಿರದಿಂದ ನೋಡಬೇಕು. 20 ವರ್ಷ ಗ್ಯಾಸ್ ಪೂರೈಸುವ ಕರಾರಿಗೆ ಸಹಿ ಬಿದ್ದ ಕೂಡಲೇ, ಆ 20 ವರ್ಷಗಳಲ್ಲಿ ಬರಬಹುದಾದ ಲಾಭವನ್ನು ಅಂದಾಜು ಮಾಡಿ ಅದೇ ವರ್ಷದ ಪುಸ್ತಕದಲ್ಲಿ ಬರೆದುಕೊಳ್ಳಲು ಕಂಪನಿಗೆ 1992ರಲ್ಲಿ ಷೇರು ನಿಯಂತ್ರಕರ ಒಪ್ಪಿಗೆ ಸಿಕ್ಕಿತ್ತು. ಅಂದಾಜು ಮಾಡುವವರು ಅದೇ ಎಂಬಿಎಗಳು, ಅವರ ಬೋನಸ್ ನಿಂತಿದ್ದೂ ಅದೇ ಅಂದಾಜಿನ ಮೇಲೆ. ಮರುವರ್ಷ ಲಾಭ ತೋರಿಸಲು ಇನ್ನೂ ದೊಡ್ಡ ಕರಾರು ಬೇಕಾಗುತ್ತಿತ್ತು. ನಷ್ಟವನ್ನು ಬೇರೆ ಹೆಸರಿನ ಕಂಪನಿಗಳಲ್ಲಿ ಬಚ್ಚಿಟ್ಟರು. 2001ರ ಡಿಸೆಂಬರ್ 2ರಂದು ಎನ್‌ರಾನ್ ದಿವಾಳಿ ಅರ್ಜಿ ಹಾಕಿತು. ಸಾವಿರಾರು ನೌಕರರು ಕೆಲಸವನ್ನೂ, ಕಂಪನಿಯ ಷೇರಿನಲ್ಲಿಟ್ಟಿದ್ದ ನಿವೃತ್ತಿಯ ಹಣವನ್ನೂ ಕಳೆದುಕೊಂಡರು.

ಭಾರತ ಈ ಪಾಠಕ್ಕೆ ಬೆಲೆ ತೆತ್ತದ್ದು ಮಹಾರಾಷ್ಟ್ರದ ದಾಭೋಳದಲ್ಲಿ. ಅಲ್ಲಿನ ಎನ್‌ರಾನ್ ವಿದ್ಯುತ್ ಯೋಜನೆಯನ್ನು ಮುನ್ನಡೆಸಿದ ರೆಬೆಕಾ ಮಾರ್ಕ್ ಕೂಡ ಹಾರ್ವರ್ಡ್ ಎಂಬಿಎ. ಕರೆಂಟು ಕೊಳ್ಳಲಿ ಬಿಡಲಿ, ಸ್ಥಾವರದ ಸ್ಥಿರ ವೆಚ್ಚವನ್ನು ರಾಜ್ಯ ವಿದ್ಯುತ್ ಮಂಡಳಿ ಕಟ್ಟಲೇಬೇಕು ಎಂಬ ಕರಾರು ಅದು. ಡಾಲರಿನ ಏರಿಳಿತದ ಹೊರೆಯೂ ಕೊಳ್ಳುವವರದೇ. ಈ ಯೋಜನೆಗಾಗಿ ಭಾರತದಲ್ಲಿ ತಿಳಿವಳಿಕೆ ಮೂಡಿಸುವುದೂ ಸೇರಿದಂತೆ ಸಿದ್ಧತೆಗೆ ಸುಮಾರು 2 ಕೋಟಿ ಡಾಲರ್ ಖರ್ಚಾಗಿದೆ ಎಂದು ಕಂಪನಿಯ ಅಧಿಕಾರಿಯೊಬ್ಬರು 1995ರಲ್ಲಿ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ಹೇಳಿದಾಗ ಇಲ್ಲಿ ದೊಡ್ಡ ಗದ್ದಲವೆದ್ದಿತ್ತು. 1999ರಲ್ಲಿ ಮೊದಲ ಹಂತ ಶುರುವಾಗಿ 2001ರಲ್ಲಿ ಸ್ಥಾವರ ಸ್ತಬ್ಧವಾಯಿತು. ಅದೇ ದಶಕದಲ್ಲಿ ಕರ್ನಾಟಕದ ಕರಾವಳಿಯಲ್ಲಿ 1000 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಕಟ್ಟಹೊರಟ ಕೋಜೆಂಟ್ರಿಕ್ಸ್ ಕಂಪನಿ ವರ್ಷಗಟ್ಟಲೆಯ ವಿರೋಧ, ಮೊಕದ್ದಮೆಗಳ ನಂತರ 1999ರ ಡಿಸೆಂಬರಿನಲ್ಲಿ ಹಿಂದೆ ಸರಿಯಿತು.

ಎನ್‌ರಾನ್ ಬಿದ್ದ ಮೇಲೆ ವೇದಿಕೆಯನ್ನು ಮತ್ತೆ ಕಟ್ಟಿದವರು ಪ್ರಾಯೋಜಕರಲ್ಲ, ವಿದ್ಯಾರ್ಥಿಗಳು. ಎಂಐಟಿಯಲ್ಲಿ ಮೆಟೀರಿಯಲ್ ಸೈನ್ಸ್ ಪಿಎಚ್‌ಡಿ ಮಾಡುತ್ತಿದ್ದ ಡೇವಿಡ್ ಡೇನಿಯಲ್ಸನ್ 2004ರಲ್ಲಿ ಎನರ್ಜಿ ಕ್ಲಬ್ ಶುರು ಮಾಡಿದರು. ಕೆಲವೇ ಮಂದಿಯ ಚರ್ಚಾಕೂಟವಾಗಿದ್ದ ಅದು ಬಲುಬೇಗ ಬೆಳೆಯಿತು. ತೈಲದ ಬೆಲೆ ಏರುತ್ತಿದ್ದ ಕಾಲವದು. 2008ರ ಜುಲೈಯಲ್ಲಿ ಬ್ಯಾರೆಲ್ಲಿಗೆ 147 ಡಾಲರ್ ತಲುಪಿತು. 2006ರಲ್ಲಿ ಮೊದಲ ಎಂಐಟಿ ಎನರ್ಜಿ ಕಾನ್ಫರೆನ್ಸ್ ನಡೆಯಿತು. ಅಧ್ಯಕ್ಷೆ ಸೂಸನ್ ಹಾಕ್‌ಫೀಲ್ಡ್ ಇಂಧನವನ್ನು ಸಂಸ್ಥೆಯ ಆದ್ಯತೆಯೆಂದು ಘೋಷಿಸಿದ್ದರಿಂದ ಅದೇ ವರ್ಷ ಎಂಐಟಿ ಎನರ್ಜಿ ಇನಿಷಿಯೇಟಿವ್ ಕೂಡ ಹುಟ್ಟಿತು. 2008ರಲ್ಲಿ ಕ್ಲೀನ್ ಎನರ್ಜಿ ಪ್ರೈಜ್ ಸ್ಪರ್ಧೆ ಆರಂಭವಾಗಿ, 2 ಲಕ್ಷ ಡಾಲರಿನ ಮೊದಲ ಬಹುಮಾನ ಹೊಸ ಮಾದರಿಯ ಗಾಳಿಯಂತ್ರ ರೂಪಿಸಿದ ತಂಡಕ್ಕೆ ಸಿಕ್ಕಿತು. ಬರ್ಕ್ಲಿ, ಹ್ಯೂಸ್ಟನ್ನಿನ ರೈಸ್ ಮೊದಲಾದ ಕಡೆಯೂ ವಿದ್ಯಾರ್ಥಿಗಳೇ ನಡೆಸುವ ಇಂಧನ ಸಮಾವೇಶಗಳು ಎದ್ದವು. ಡೇನಿಯಲ್ಸನ್ ಮುಂದೆ ಅಮೆರಿಕದ ಇಂಧನ ಇಲಾಖೆಯಲ್ಲಿ ನವೀಕರಿಸಬಹುದಾದ ಇಂಧನದ ಹೊಣೆ ಹೊತ್ತ ಸಹಾಯಕ ಕಾರ್ಯದರ್ಶಿಯಾದರು.

ಈ ಕ್ಲಬ್ಬುಗಳ ದೊಡ್ಡ ಲಾಭವೆಂದರೆ ಎಂಜಿನಿಯರಿಂಗ್ ಓದುವವರೂ ಎಂಬಿಎಯವರೂ ಒಂದೇ ಮೇಜಿಗೆ ಕೂತದ್ದು. ಸೌರಶಕ್ತಿಗೆ ಇದು ಎಷ್ಟು ಬೇಕಿತ್ತೆಂಬುದನ್ನು ಒಂದು ಸರಳ ಲೆಕ್ಕದಲ್ಲಿ ನೋಡಬಹುದು. ಒಂದು ಮೆಗಾವಾಟ್ ಸೌರ ಸ್ಥಾವರಕ್ಕೆ 4 ಕೋಟಿ ರೂಪಾಯಿ ಬೇಕು, ಅದು ವರ್ಷಕ್ಕೆ 16.6 ಲಕ್ಷ ಯೂನಿಟ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಅಷ್ಟೂ ಹಣವನ್ನು 20 ವರ್ಷಗಳ ಸಾಲವಾಗಿ ತಂದರೆ, ಶೇ 9ರ ಬಡ್ಡಿಗೆ ವರ್ಷದ ಕಂತು ಸುಮಾರು 44 ಲಕ್ಷ. ಯೂನಿಟ್ಟಿಗೆ 2 ರೂಪಾಯಿ 65 ಪೈಸೆಯ ಹತ್ತಿರ. ಬಡ್ಡಿ ಶೇ 13 ಆದರೆ ಕಂತು 57 ಲಕ್ಷ. ಯೂನಿಟ್ಟಿಗೆ 3 ರೂಪಾಯಿ 43 ಪೈಸೆ. ಬಿಸಿಲು ಅಷ್ಟೇ, ಫಲಕವೂ ಅದೇ, ಬದಲಾದದ್ದು ಬಡ್ಡಿಯೊಂದೇ. ಕಲ್ಲಿದ್ದಲು ಸ್ಥಾವರದಲ್ಲಿ ಖರ್ಚಿನ ದೊಡ್ಡ ಪಾಲು ದಿನದಿನವೂ ಉರಿಸುವ ಇಂಧನದ್ದು. ಸೌರದಲ್ಲಿ ಬಹುಪಾಲು ಖರ್ಚು ಮೊದಲ ದಿನವೇ ಆಗಿಹೋಗುತ್ತದೆ. ಸಾಲ ಕೊಡುವವರಿಗೆ ನಂಬಿಕೆ ಹುಟ್ಟಿಸಿ ಬಡ್ಡಿ ಇಳಿಸುವವರು ಇಲ್ಲದೆ ಸೌರ ವಿದ್ಯುತ್ ಅಗ್ಗವಾಗುವಂತಿರಲಿಲ್ಲ.

ಸ್ಟ್ಯಾನ್‌ಫರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದಿದ ಲಿನ್ ಜೂರಿಕ್ ಮತ್ತು ಎಡ್ ಫೆನ್‌ಸ್ಟರ್ 2007ರಲ್ಲಿ ಸನ್‌ರನ್ ಕಂಪನಿ ಕಟ್ಟುವಲ್ಲಿ ಹಿಡಿದದ್ದು ಈ ಎಳೆಯನ್ನೇ. ಫಲಕದ ಪೂರ್ತಿ ಬೆಲೆಯನ್ನು ಮನೆಯವರು ಒಮ್ಮೆಲೇ ಕೊಡಬೇಕಿಲ್ಲ. ಕಂಪನಿಯೇ ಹಾಕಿಸುತ್ತದೆ, ಅವರು ತಿಂಗಳ ಬಿಲ್ಲಿನ ಹಾಗೆ ಕಟ್ಟುತ್ತ ಹೋಗುತ್ತಾರೆ. ಎನ್ವಿರಾನ್‌ಮೆಂಟಲ್ ಡಿಫೆನ್ಸ್ ಫಂಡ್ ಸಂಸ್ಥೆ 2008ರಲ್ಲಿ ಆರಂಭಿಸಿದ ಕ್ಲೈಮೇಟ್ ಕಾರ್ಪ್ಸ್ ಇನ್ನೊಂದು ದಾರಿ ಹಿಡಿಯಿತು. ಬೇಸಿಗೆಯಲ್ಲಿ ಎಂಬಿಎ ವಿದ್ಯಾರ್ಥಿಗಳನ್ನು ಕಂಪನಿಗಳೊಳಗೆ ಕಳಿಸಿ ದೀಪ, ಏಸಿ, ಕಂಪ್ಯೂಟರ್ ಕೋಣೆಗಳಲ್ಲಿ ಪೋಲಾಗುವ ಕರೆಂಟನ್ನು ಹುಡುಕಿಸಿತು. ಯೆರ್ಗಿನ್ ಪುಸ್ತಕದಲ್ಲಿ ಬರೆದದ್ದನ್ನು ಈ ಹುಡುಗ ಹುಡುಗಿಯರು ಕಟ್ಟಡದಿಂದ ಕಟ್ಟಡಕ್ಕೆ ನಡೆದು ಲೆಕ್ಕ ಹಾಕಿದರು.

ಬೆಲೆಯ ಏರಿಳಿತ ಇವರನ್ನೂ ಬಿಡಲಿಲ್ಲ. ಎಂಐಟಿಯಿಂದ ಹೊರಬಂದ ಬ್ಯಾಟರಿ ಕಂಪನಿ ಎ123 ಸಿಸ್ಟಮ್ಸ್ 2009ರಲ್ಲಿ ಷೇರುಪೇಟೆಗೆ ಬಂದು 2012ರಲ್ಲಿ ದಿವಾಳಿಯಾಯಿತು. 2014ರ ಮಧ್ಯದಲ್ಲಿ 100 ಡಾಲರಿಗೂ ಮೇಲಿದ್ದ ತೈಲ 2016ರ ಆರಂಭದಲ್ಲಿ 30ರ ಕೆಳಗಿಳಿಯಿತು. 2020ರ ಏಪ್ರಿಲ್ 20ರಂದು ಅಮೆರಿಕದ ತೈಲದ ವಾಯಿದೆ ದರ ಸೊನ್ನೆಗಿಂತ 37 ಡಾಲರ್ ಕೆಳಗೆ ಹೋಯಿತು. ಇನ್ನೊಂದೆಡೆ ವಿಶ್ವವಿದ್ಯಾಲಯದ ನಿಧಿಯನ್ನು ತೈಲ, ಕಲ್ಲಿದ್ದಲಿನಲ್ಲಿ ಹೂಡಬೇಡಿ ಎಂದು ವಿದ್ಯಾರ್ಥಿಗಳು ವರ್ಷಗಳ ಕಾಲ ಹೋರಾಡಿದರು. ಅಂಥ ಹೂಡಿಕೆಯಿಂದ ಹೊರಬರುವುದಾಗಿ ಹಾರ್ವರ್ಡ್ 2021ರಲ್ಲಿ ಪ್ರಕಟಿಸಿತು. ಶತಮಾನದ ಹಿಂದೆ ಹಣ ಪಡೆದವರನ್ನು ವಿಚಾರಿಸಲು ಸರ್ಕಾರಿ ಕಮಿಷನ್ ಬೇಕಾಗಿತ್ತು. ಈ ಸಲ ಹಣದ ಮೂಲವನ್ನು ವಿಚಾರಿಸಿದವರು ತರಗತಿಯಲ್ಲಿ ಕೂತವರೇ.

ಪಾಠ ಅಮೆರಿಕದಿಂದಲೇ ಬರಬೇಕೆಂದೇನಿಲ್ಲ ಎಂಬುದನ್ನು ತೋರಿಸಿದ ಕಂಪನಿ ಬೆಂಗಳೂರಿನದು. ಅಮೆರಿಕದ ಲೋವೆಲ್‌ನಲ್ಲಿ ಸೌರಶಕ್ತಿಯ ಬಗ್ಗೆ ಪಿಎಚ್‌ಡಿ ಮಾಡಿದ ಹರೀಶ್ ಹಂದೆ, ನೆವಿಲ್ ವಿಲಿಯಮ್ಸ್ ಜೊತೆ ಸೇರಿ 1995ರಲ್ಲಿ ಸೆಲ್ಕೊ ಸ್ಥಾಪಿಸಿದರು. ಬಡವರು ಸೋಲಾರ್ ಕೊಳ್ಳಲಾರರು ಎಂಬ ಮಾತನ್ನು ಅವರು ಒಪ್ಪಲಿಲ್ಲ. ತಿಂಗಳಿಗೆ 300 ರೂಪಾಯಿ ಎಂದರೆ ನನ್ನಿಂದಾಗದು, ದಿನಕ್ಕೆ 10 ರೂಪಾಯಿ ಆದರೆ ಕೊಡಬಲ್ಲೆ ಎಂದು ಬೀದಿ ವ್ಯಾಪಾರಿಯೊಬ್ಬರು ಹೇಳಿದ್ದೇ ತಮಗೆ ಹಣಕಾಸಿನ ಪಾಠ ಎಂದು ಹಂದೆ ಹಲವು ಕಡೆ ಹೇಳಿದ್ದಾರೆ. ದಿನಗೂಲಿಯ ಬದುಕಿನಲ್ಲಿ ತಿಂಗಳ ಕೊನೆಗೆ ಗಂಟು ಉಳಿಯುವುದಿಲ್ಲ, ಸಂಜೆಯ ಗಲ್ಲಾದಲ್ಲಿ 10 ರೂಪಾಯಿ ಇರುತ್ತದೆ. ಪಿಗ್ಮಿ ಕಟ್ಟಿ ಉಳಿಸುವುದನ್ನು ಕಲಿಸಿದ ಕರಾವಳಿಯ ಬ್ಯಾಂಕುಗಳ ನಾಡಿನಲ್ಲಿ ಇದು ಹೊಸ ಮಾತೇನಲ್ಲ. ಮಲಪ್ರಭಾ ಗ್ರಾಮೀಣ ಬ್ಯಾಂಕಿನಂಥ ಸಂಸ್ಥೆಗಳು ಮನೆದೀಪಕ್ಕೆ ಸಾಲ ಕೊಡಲು ಮುಂದೆ ಬಂದವು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಸೆಲ್ಕೊ ಈಗ ಹಲವು ದೇಶಗಳ ಬಿಸಿನೆಸ್ ಸ್ಕೂಲುಗಳಲ್ಲಿ ಕೇಸ್ ಸ್ಟಡಿ.

ನಮ್ಮ ಎಂಬಿಎ ಕಾಲೇಜುಗಳ ಇಂಧನ ಕಾರ್ಯಕ್ರಮಗಳಿಗೆ ಬೇಕಾದ ಸಾಮಗ್ರಿ ಕೈಯಳತೆಯಲ್ಲೇ ಇದೆ. 1999ರಿಂದ ಕೆಲಸ ಮಾಡುತ್ತಿರುವ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂಗಳು ದರ ಪರಿಷ್ಕರಣೆಗೆ ಅರ್ಜಿ ಹಾಕುತ್ತವೆ. ಯಾವ ಸ್ಥಾವರದಿಂದ ಎಷ್ಟಕ್ಕೆ ಕೊಂಡರು, ಲೈನಿನಲ್ಲಿ ಎಷ್ಟು ಸೋರಿತು, ಪಂಪ್‌ಸೆಟ್ಟುಗಳ ಸಬ್ಸಿಡಿ ಎಷ್ಟು ಬರಬೇಕು ಎಂಬ ಲೆಕ್ಕವೆಲ್ಲ ಅದರಲ್ಲಿರುತ್ತದೆ. ಸಾರ್ವಜನಿಕ ವಿಚಾರಣೆಯಲ್ಲಿ ರೈತರು, ಸಣ್ಣ ಕೈಗಾರಿಕೆಯವರು, ಬಳಕೆದಾರರ ಸಂಘದವರು ಎದ್ದು ನಿಂತು ಅದೇ ಅಂಕಿಗಳನ್ನು ಹಿಡಿದು ಪ್ರಶ್ನೆ ಕೇಳುತ್ತಾರೆ. ಅರ್ಜಿ ಓದಲು, ಆಕ್ಷೇಪಣೆ ಬರೆದು ಸಲ್ಲಿಸಲು ವಿದ್ಯಾರ್ಥಿಗಳಿಗೂ ಅವಕಾಶವಿದೆ. ಎಸ್ಕಾಂಗಳ ಸಾಲ, ಕರಾರು, ಸೋರಿಕೆಗಳನ್ನು ಓದಿ ಅರ್ಥಮಾಡಿಕೊಳ್ಳಬಲ್ಲ ಪದವೀಧರರಿಗೆ ಅಲ್ಲಿ, ಆಯೋಗದಲ್ಲಿ, ಸಾಲ ಕೊಡುವ ಬ್ಯಾಂಕುಗಳಲ್ಲಿ, ಪ್ರಶ್ನೆ ಕೇಳುವ ಸಂಘಗಳಲ್ಲಿ ವರ್ಷವಿಡೀ ಕೆಲಸವಿದೆ.